ರಾತ್ರಿ ಕರೆ ಬಂದಾಗ: ಓಟಿಯಲ್ಲಿ ನರ ಕಾಯುವವರಿಗೆ ಒಂದು ಮಾರ್ಗದರ್ಶಿ

ಕರೆ ಬರುವುದು ಸಾಮಾನ್ಯವಾಗಿ ಸಂಜೆ ಏಳರ ಮೇಲೆ. ಸರ್ಜನ್ ಮರುದಿನದ ಪಟ್ಟಿ ನೋಡುವ ಹೊತ್ತು ಅದು. "ಮೇಡಂ, ನಾಳೆ ಎಂಟಕ್ಕ ಒಂದ್ ಸ್ಪೈನ್ ಕೇಸ್ ಐತ್ರಿ. ಮಾನಿಟರಿಂಗ್ ಬೇಕು. ಬಾಗಲಕೋಟಿಗೆ ಬರ್ತೀರೇನ್ರಿ?" ಬೆಳಗಾವಿಯಿಂದ ಬಾಗಲಕೋಟೆ ಸುಮಾರು 140 ಕಿಲೋಮೀಟರ್, ವಿಜಯಪುರ 200ರ ಹತ್ತಿರ. ಮಾನಿಟರಿಂಗ್ ಎಂದರೆ ಆಪರೇಷನ್ ನಡೆಯುವಾಗ ಓಟಿಯಲ್ಲಿ ಕೂತು ರೋಗಿಯ ನರ, ಬೆನ್ನುಹುರಿಯ ವಿದ್ಯುತ್ ಅಲೆಗಳನ್ನು ಕಾಯುವುದು. "ಬರ್ತೀನ್ರಿ" ಎನ್ನುವುದು ಸುಲಭ. ಆ ಫೋನ್ ಇಡುವ ಮೊದಲು ಏನೇನು ಕೇಳಿಕೊಂಡಿರಿ ಎನ್ನುವುದರ ಮೇಲೆ ನಾಳೆಯ ಅರ್ಧ ಕೆಲಸ ನಿಂತಿರುತ್ತದೆ.

ನ್ಯೂರೋ ಸೈನ್ಸ್ ಟೆಕ್ನಾಲಜಿಯಲ್ಲಿ ಬಿ.ಎಸ್ಸಿ ಮುಗಿಸಿ, ಮಿದುಳಿನ ಅಲೆ ದಾಖಲಿಸುವ ಇಇಜಿ ಕೋಣೆಯಲ್ಲಿ ಒಂದೆರಡು ವರ್ಷ ಕಳೆದು, ಈಗ ಓಟಿಯ ಬಾಗಿಲಿಗೆ ಬಂದು ನಿಂತಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಾಠದಲ್ಲಿ ಅಲೆಗಳ ಹೆಸರು ಕಲಿಸಿರುತ್ತಾರೆ. ಕರೆ ಬಂದಾಗ ಚೀಲಕ್ಕೆ ಏನು ಹಾಕಬೇಕು, ಅಲೆ ಬಿದ್ದಾಗ ಬಾಯಿ ಹೇಗೆ ಬಿಡಬೇಕು ಎನ್ನುವುದನ್ನು ಯಾರೂ ಕಲಿಸಿರುವುದಿಲ್ಲ.

ಮೊದಲು ಒಂದು ಹಳೆಯ ಸಂಗತಿ. ಈ ಯಂತ್ರಗಳು ಬರುವ ಮುಂಚೆ ಬೆನ್ನುಮೂಳೆ ನೆಟ್ಟಗೆ ಮಾಡುವ ಆಪರೇಷನ್‌ನಲ್ಲಿ ರೋಗಿಯನ್ನು ನಡುವೆಯೇ ಎಚ್ಚರಿಸಿ "ಕಾಲು ಅಲುಗಿಸು" ಎಂದು ಕೇಳುತ್ತಿದ್ದರು. ಫ್ರಾನ್ಸಿನ ಸ್ಟಗ್ನಾರಾ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಈ ಪರೀಕ್ಷೆಗೆ ಇಂದಿಗೂ ಅವರದೇ ಹೆಸರು. ಕಾಲು ಅಲುಗಿದರೆ ಬೆನ್ನುಹುರಿ ಸುರಕ್ಷಿತ. ಅಲುಗದಿದ್ದರೆ ಏನೋ ಆಗಿದೆ, ಆದರೆ ಯಾವಾಗ ಆಯಿತು ಎಂದು ತಿಳಿಯುತ್ತಿರಲಿಲ್ಲ. 1980ರಲ್ಲಿ ಮೆರ್ಟನ್ ಮತ್ತು ಮಾರ್ಟನ್ ತಲೆಬುರುಡೆಯ ಮೇಲಿಂದಲೇ ವಿದ್ಯುತ್ ಕೊಟ್ಟು ಮಿದುಳನ್ನು ಪ್ರಚೋದಿಸಬಹುದು ಎಂದು ತೋರಿಸಿದರು. ಮಿದುಳನ್ನು ಪ್ರಚೋದಿಸಿ ಕೈಕಾಲಿನ ಸ್ನಾಯುವಿನಲ್ಲಿ ಉತ್ತರ ನೋಡುವುದು, ಇವತ್ತು ನಾವು ಮಾಡುವ ಎಂಇಪಿ. ಅದರ ಬೇರು ಅಲ್ಲಿದೆ. ನಿದ್ದೆಯಲ್ಲಿರುವ ರೋಗಿ "ನನ್ನ ಕಾಲು ಜುಮ್ಮ ಅನ್ನಾಕತ್ತೈತ್ರಿ" ಎಂದು ಹೇಳಲಾರ. ಅವನ ಪರವಾಗಿ ಅದನ್ನು ಹೇಳುವುದು ನಮ್ಮ ಕೆಲಸ.

ಫೋನಿನಲ್ಲೇ ಕೇಳಬೇಕಾದದ್ದು

ಯಾವ ಮಟ್ಟದ ಆಪರೇಷನ್? ಕುತ್ತಿಗೆಯೋ, ಎದೆಯ ಬೆನ್ನೋ, ಸೊಂಟವೋ? ಗಡ್ಡೆಯೋ, ಟಿಬಿಯೋ, ಬೆನ್ನು ಬಾಗುವ ಸ್ಕೋಲಿಯೋಸಿಸ್ಸೋ? ಇದರ ಮೇಲೆ ಯಾವ ಸ್ನಾಯುವಿಗೆ ಸೂಜಿ ಹಾಕಬೇಕು ಎನ್ನುವುದು ತೀರ್ಮಾನವಾಗುತ್ತದೆ. ರೋಗಿಯ ಕೈಕಾಲಿನ ಬಲ ಈಗ ಎಷ್ಟಿದೆ ಎಂದು ತಪ್ಪದೇ ಕೇಳಿ. ಈಗಾಗಲೇ ಎತ್ತಲಾಗದ ಕಾಲಿನಿಂದ ನಾಳೆ ಒಳ್ಳೆಯ ಅಲೆ ಬರುವುದಿಲ್ಲ. ಅದು ಮೊದಲೇ ಗೊತ್ತಿದ್ದರೆ ಓಟಿಯಲ್ಲಿ ಅರ್ಧ ಗಂಟೆ ಕೇಬಲ್ ಜಗ್ಗಾಡುವುದು ತಪ್ಪುತ್ತದೆ. ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ಕಾಲಿನ ಎಸ್‌ಎಸ್‌ಇಪಿ, ಅಂದರೆ ಕಾಲಿನ ನರ ಪ್ರಚೋದಿಸಿ ನೆತ್ತಿಯಲ್ಲಿ ಹಿಡಿಯುವ ಅಲೆ, ಮಂಕಾಗಿರಬಹುದು.

ಫಿಟ್ಸ್ ಇದೆಯೇ, ತಲೆಬುರುಡೆಗೆ ಆಪರೇಷನ್ ಆಗಿದೆಯೇ, ಕಾಕ್ಲಿಯರ್ ಇಂಪ್ಲಾಂಟ್, ಪೇಸ್‌ಮೇಕರ್, ಮಿದುಳಲ್ಲಿ ಕ್ಲಿಪ್ ಇದೆಯೇ? ಇವು ಇದ್ದ ಮಾತ್ರಕ್ಕೆ ಎಂಇಪಿ ಮಾಡಲೇಬಾರದು ಎಂದಲ್ಲ. ಆದರೆ ಆ ತೀರ್ಮಾನ ವೈದ್ಯರದು. ಹಿಂದಿನ ದಿನವೇ ಅದು ಆಗಬೇಕೇ ಹೊರತು ರೋಗಿ ಟೇಬಲ್ ಮೇಲೆ ಮಲಗಿದ ಮೇಲೆ ಅಲ್ಲ.

ಇನ್ನೊಂದು ಫೋನ್ ಅರಿವಳಿಕೆ ವೈದ್ಯರಿಗೆ. ಇದನ್ನು ಬಿಟ್ಟವರು ಎಲ್ಲವನ್ನೂ ಬಿಟ್ಟಂತೆ. ಸೆವೊಫ್ಲುರೇನ್, ಐಸೊಫ್ಲುರೇನ್‌ನಂಥ ಗ್ಯಾಸ್‌ಗಳು ಎಂಇಪಿಯನ್ನು ಅಡಗಿಸುತ್ತವೆ. ಸ್ನಾಯು ಸಡಿಲಿಸುವ ಔಷಧಿ ಕೊಟ್ಟರಂತೂ ಸ್ನಾಯುವಿನಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಹಾಗಾಗಿ ವಿನಯದಿಂದ, ಸ್ಪಷ್ಟವಾಗಿ ಕೇಳಿ: "ಸರ, ಟ್ಯೂಬ್ ಹಾಕೂ ಮುಂದ ಒಂದ್ಸಲ ಕಡಿಮಿ ಡೋಸ್ ರಿಲ್ಯಾಕ್ಸಂಟ್ ಕೊಟ್ರ ನಡೀತೈತ್ರಿ. ಆಮ್ಯಾಲೆ ಬ್ಯಾಡ್ರಿ. ಪ್ರೊಪೋಫಾಲ್ ಮ್ಯಾಲೆ ಇಡಾಕ ಆಗತೈತೇನ್ರಿ?" ಪ್ರೊಪೋಫಾಲ್ ಎಂದರೆ ರಕ್ತನಾಳಕ್ಕೆ ಹನಿಸುವ ನಿದ್ದೆಯ ಔಷಧಿ. ಬೇಕಾದ ಔಷಧಿ, ಅದನ್ನು ಹನಿಸುವ ಇನ್‌ಫ್ಯೂಷನ್ ಪಂಪ್ ಆ ಆಸ್ಪತ್ರೆಯಲ್ಲಿ ಇರಬೇಕಲ್ಲ, ಅದನ್ನು ರಾತ್ರಿಯೇ ಹೊಂದಿಸಲು ಅವರಿಗೂ ಸಮಯ ಸಿಗುತ್ತದೆ.

ಮೂರನೆಯ ಫೋನ್ ವಾರ್ಡಿನ ಸಿಸ್ಟರ್‌ಗೆ. ನಮ್ಮ ಕಡೆ ಆಪರೇಷನ್‌ಗೆ ಹೋಗುವ ಮಗಳಿಗೆ ತಾಯಿ ತಲೆತುಂಬ ಎಣ್ಣೆ ಹಚ್ಚಿ, ಬಿಗಿಯಾಗಿ ಹೆರಳು ಹಾಕಿ ಕಳಿಸುತ್ತಾಳೆ. ಅದು ಅವಳ ಪ್ರೀತಿ. ಆದರೆ ಎಣ್ಣೆಯಿಂದ ಜಿಡ್ಡಾದ ನೆತ್ತಿಯಲ್ಲಿ ಎಲೆಕ್ಟ್ರೋಡ್ ಸರಿಯಾಗಿ ಕೂಡುವುದಿಲ್ಲ, ಕರೆಂಟಿಗೆ ಆಗುವ ಅಡ್ಡಿ, ಅಂದರೆ ಇಂಪೀಡೆನ್ಸ್, ಏರುತ್ತದೆ. "ಅಕ್ಕಾರ, ರಾತ್ರಿನ ತಲಿಗೆ ನೀರ್ ಹಾಕಿಸ್ರಿ, ಎಣ್ಣಿ ಹಚ್ಚಬ್ಯಾಡಂತ ಅವರವ್ವಗ ಹೇಳ್ರಿ" ಎಂದು ಒಂದು ಮಾತು ಹೇಳಿದರೆ ಬೆಳಿಗ್ಗೆ ಹದಿನೈದು ನಿಮಿಷ ಉಳಿಯುತ್ತದೆ. ಕಾಲುಂಗುರ ತೆಗೆಯುವ ಮಾತನ್ನೂ ಆಗಲೇ ಆಡಲು ಹೇಳಿ. ಓಟಿಯ ಬಾಗಿಲಲ್ಲಿ ಆ ಮಾತು ತೆಗೆದರೆ ಮನೆಯವರಿಗೆ ನೋವಾಗುತ್ತದೆ.

ಹಣದ ಮಾತನ್ನೂ ಇಲ್ಲೇ ಮುಗಿಸಿ. ಕೇಸ್ ರದ್ದಾದರೆ ಏನು, ರಾತ್ರಿ ಮುಗಿದರೆ ಉಳಿಯುವ ವ್ಯವಸ್ಥೆ ಯಾರದು, ಸೂಜಿಗಳ ಖರ್ಚು ಯಾರದು ಎನ್ನುವುದು ಮೆಸೇಜಿನಲ್ಲಿ ಬರೆದಿರಲಿ.

ಚೀಲ ಮತ್ತು ದಾರಿ

ಯಂತ್ರ, ಲ್ಯಾಪ್‌ಟಾಪ್, ಆಂಪ್ಲಿಫೈಯರ್ ಪೆಟ್ಟಿಗೆಗಳು, ನೆತ್ತಿಗೆ ತಿರುಪಿನಂಥ ಕಾರ್ಕ್‌ಸ್ಕ್ರೂ ಎಲೆಕ್ಟ್ರೋಡ್, ಸ್ನಾಯುವಿಗೆ ಸೂಜಿ ಎಲೆಕ್ಟ್ರೋಡ್, ಮಣಿಕಟ್ಟು ಮತ್ತು ಹರಡಿಗೆ ಅಂಟುವ ಪ್ಯಾಡ್, ಸ್ಕ್ರೂ ಪರೀಕ್ಷಿಸುವ ಸ್ಟೆರೈಲ್ ಪ್ರೋಬ್, ಟೇಪ್, ಅಳತೆಯ ಟೇಪ್, ಚರ್ಮಕ್ಕೆ ಗುರುತು ಹಾಕುವ ಪೆನ್. ಹಲ್ಲಿನ ನಡುವೆ ಇಡುವ ಬೈಟ್ ಬ್ಲಾಕ್ ಮಾಡಲು ಗಾಜ್ ಬಟ್ಟೆಯ ಸುರುಳಿ ಆಸ್ಪತ್ರೆಯಲ್ಲಿ ಸಿಗುತ್ತದೆ, ಆದರೂ ನಾನು ನಾಲ್ಕು ಇಟ್ಟುಕೊಂಡೇ ಹೋಗುತ್ತೇನೆ. ಮೂರು ಪಿನ್‌ನ ಗಟ್ಟಿ ಎಕ್ಸ್‌ಟೆನ್ಷನ್ ಬೋರ್ಡ್, ಚಿಕ್ಕ ಯುಪಿಎಸ್. ಕರೆಂಟ್ ಹೋಗಿ ಜನರೇಟರ್ ಹತ್ತುವ ನಡುವಿನ ಕೆಲವು ಸೆಕೆಂಡುಗಳಲ್ಲಿ ಯಂತ್ರ ಆರಿಹೋದರೆ ಮತ್ತೆ ಎದ್ದೇಳಲು ಐದು ನಿಮಿಷ. ಆ ಐದು ನಿಮಿಷದಲ್ಲೇ ಸರ್ಜನ್ ಬೆನ್ನು ನೆಟ್ಟಗೆ ಮಾಡುವ ರಾಡ್ ತಿರುಗಿಸುತ್ತಿರಬಹುದು.

ಕಬ್ಬಿನ ಹಂಗಾಮಿನಲ್ಲಿ ಯರಗಟ್ಟಿ, ಲೋಕಾಪುರ ದಾರಿಯಲ್ಲಿ ಬೆಳಗಿನ ಜಾವ ಹೊರಡಬೇಡಿ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳಿಗೆ ಹಿಂದೆ ದೀಪವೇ ಇರುವುದಿಲ್ಲ, ಕಬ್ಬಿನ ಜಲ್ಲೆ ಅರ್ಧ ರಸ್ತೆಗೆ ಚಾಚಿರುತ್ತದೆ. ಹಿಂದಿನ ರಾತ್ರಿಯೇ ಊರು ಸೇರಿ ಮಲಗಿ. ಕೇಸ್ ಏಳೆಂಟು ಗಂಟೆ ಎಳೆಯುತ್ತದೆ, ನಡುವೆ ಎದ್ದು ಹೋಗಲು ಆಗದು. ಬೆಳಿಗ್ಗೆ ಎರಡು ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದು ಒಳಗೆ ಹೋಗಿ. ಹಸಿದ ಕಣ್ಣಿಗೆ ಅಲೆಯ ಸಣ್ಣ ಬದಲಾವಣೆ ಕಾಣುವುದಿಲ್ಲ.

ಚಾಕು ಬೀಳುವ ಮುಂಚೆ

ರೋಗಿಯನ್ನು ಎಚ್ಚರ ಇರುವಾಗಲೇ ಮಾತಾಡಿಸಿ. "ತಮ್ಮಾ, ಕಾಲಿನ ಬಟ್ಟ ಮ್ಯಾಲೆ ಎತ್ತು ನೋಡೂಣು. ಕೈ ಬಿಗಿ ಹಿಡಿ." ಕಂಡದ್ದನ್ನು ಬರೆದುಕೊಳ್ಳಿ. ಕೇಸ್ ಶೀಟಿನಲ್ಲಿ ಬರೆದ ಬಲಕ್ಕೂ ನಿಮ್ಮ ಕಣ್ಣಿಗೆ ಕಂಡ ಬಲಕ್ಕೂ ವ್ಯತ್ಯಾಸವಿದ್ದರೆ ಸರ್ಜನ್‌ಗೆ ತಿಳಿಸಿ.

ನಿದ್ದೆ ಬಂದ ಮೇಲೆ ನೆತ್ತಿ ಅಳೆಯಿರಿ. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಟೇಪ್ ಹಿಡಿದು, ದೂರವನ್ನು 10, 20 ಪ್ರತಿಶತದ ಭಾಗ ಮಾಡುವ 10-20 ಪದ್ಧತಿಯಂತೆ ಗುರುತು ಹಾಕಿ, ಅಂದಾಜಿನಲ್ಲಿ ಚುಚ್ಚಬೇಡಿ. ಎಸ್‌ಎಸ್‌ಇಪಿಗೆ ಮಣಿಕಟ್ಟಿನಲ್ಲಿ ಮೀಡಿಯನ್ ನರ ಅಥವಾ ಕಿರುಬೆರಳ ಕಡೆ ಹೋಗುವ ಅಲ್ನಾರ್ ನರ, ಕಾಲಿನಲ್ಲಿ ಒಳಹರಡಿನ ಹಿಂದೆ ಟಿಬಿಯಲ್ ನರ. ಎಂಇಪಿಗೆ ಅಂಗೈಯ ಸಣ್ಣ ಸ್ನಾಯು, ತೊಡೆ, ಮೊಣಕಾಲ ಕೆಳಗಿನ ಮುಂಭಾಗದ ಸ್ನಾಯು, ಪಾದದ ಒಳಕಮಾನಿನ ಸ್ನಾಯು. ಎದೆ ಅಥವಾ ಸೊಂಟದ ಆಪರೇಷನ್ ಆದರೂ ಕೈಯನ್ನು ಬಿಡಬೇಡಿ. ಕೈ ನಿಮ್ಮ ಸಾಕ್ಷಿ. ಕೈಕಾಲು ಎರಡರ ಅಲೆಯೂ ಒಟ್ಟಿಗೆ ಇಳಿದರೆ ಔಷಧಿ, ರಕ್ತದೊತ್ತಡ ಅಥವಾ ಯಂತ್ರದ ಕಡೆ ನೋಡಬೇಕು. ಕೈ ಗಟ್ಟಿಯಾಗಿದ್ದು ಕಾಲು ಮಾತ್ರ ಹೋದರೆ ಬೆನ್ನುಹುರಿಯ ಕಡೆ.

ಎಸ್‌ಎಸ್‌ಇಪಿ, ಎಂಇಪಿ ಎರಡೂ ಯಾಕೆ ಬೇಕು ಎಂದು ಹೊಸಬರು ಕೇಳುತ್ತಾರೆ. ಎಸ್‌ಎಸ್‌ಇಪಿ ಬೆನ್ನುಹುರಿಯ ಹಿಂಬದಿಯ ದಾರಿ, ಸ್ಪರ್ಶದ ಸುದ್ದಿ ಮೇಲೆ ಹೋಗುವುದು. ಎಂಇಪಿ ಚಲನೆಯ ಅಪ್ಪಣೆ ಕೆಳಗೆ ಇಳಿಯುವ ದಾರಿ. ಎರಡಕ್ಕೂ ರಕ್ತ ಕೊಡುವ ನಾಳಗಳು ಬೇರೆ. ಮುಂಬದಿಯ ನಾಳಕ್ಕೆ ಪೆಟ್ಟಾದರೆ ಎಸ್‌ಎಸ್‌ಇಪಿ ಚೆನ್ನಾಗಿದ್ದೂ ಕಾಲಿನ ಬಲ ಹೋಗಬಹುದು. ಮೇಲಾಗಿ ಎಸ್‌ಎಸ್‌ಇಪಿ ನೂರಾರು ಸಲದ ಸರಾಸರಿ, ಒಂದು ಅಲೆ ಕೂಡಿ ಬರಲು ಒಂದೆರಡು ನಿಮಿಷ ಬೇಕು. ಎಂಇಪಿ ಉತ್ತರ ಕೊಡುವುದು ಕ್ಷಣದಲ್ಲಿ.

ಪ್ರಚೋದನೆಯ ವೇಗವನ್ನು ಸೆಕೆಂಡಿಗೆ 5 ಎಂದು ಇಡಬೇಡಿ, 4.7ರಂಥ ಮುರುಕು ಸಂಖ್ಯೆ ಇಡಿ. ನಮ್ಮ ಕರೆಂಟ್ 50 ಹರ್ಟ್ಸ್. 5ರಿಂದ 50 ಸರಿಯಾಗಿ ಭಾಗವಾಗುವುದರಿಂದ ಪ್ರತಿ ಸಲವೂ ಕರೆಂಟಿನ ಗುಂಯ್‌ಗುಡುವಿಕೆ ಒಂದೇ ಜಾಗದಲ್ಲಿ ಬಿದ್ದು ಸರಾಸರಿಯಲ್ಲಿ ಬೆಳೆಯುತ್ತ ಹೋಗುತ್ತದೆ. ಮುರುಕು ಸಂಖ್ಯೆಯಾದರೆ ಅದು ತಾನಾಗಿ ಕರಗುತ್ತದೆ. ಆಮೇಲೂ ಗದ್ದಲ ಇದ್ದರೆ ಫಿಲ್ಟರ್ ಹಾಕಿ ಮುಚ್ಚುವ ಮೊದಲು ಮೂಲ ಹುಡುಕಿ: ಟೇಬಲ್‌ನ ಮೋಟರ್, ಬೆಚ್ಚಗಿಡುವ ಬ್ಲಾಂಕೆಟ್, ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವ ಕಾಟರಿಯ ವೈರಿನ ಮೇಲೆ ಬಿದ್ದ ನಿಮ್ಮ ವೈರು, ಅರ್ಥಿಂಗ್ ಇಲ್ಲದ ಪ್ಲಗ್. ವೈರುಗಳನ್ನು ಹೆರಳಿನಂತೆ ಹೆಣೆದಿಡಿ.

ಬೈಟ್ ಬ್ಲಾಕ್ ಬಗ್ಗೆ ಎರಡು ಸಲ ಹೇಳುತ್ತೇನೆ, ಯಾಕೆಂದರೆ ಎರಡು ಸಲ ನೋಡಬೇಕು. ಎಂಇಪಿ ಕೊಟ್ಟಾಗ ದವಡೆ ಬಿಗಿದು ಕಚ್ಚಿಕೊಳ್ಳುತ್ತದೆ. ನಾಲಿಗೆ ಹಲ್ಲಿನ ನಡುವೆ ಇದ್ದರೆ ಹರಿಯುತ್ತದೆ, ಟ್ಯೂಬ್ ಕೂಡ ಕಚ್ಚಿಹೋಗಬಹುದು. ಎರಡೂ ಬದಿ ದವಡೆ ಹಲ್ಲಿನ ನಡುವೆ ಗಾಜ್ ಸುರುಳಿ, ನಾಲಿಗೆ ನಡುವೆ ಬಿಡುವಾಗಿ. ರೋಗಿಯನ್ನು ಬೋರಲು ಮಲಗಿಸಿದ ಮೇಲೆ ಟಾರ್ಚ್ ಹಿಡಿದು ಮತ್ತೆ ನೋಡಿ. ತಿರುಗಿಸುವಾಗ ಜಾರುವುದು ಸಾಮಾನ್ಯ.

ಮುಂದೆ ಹೋಲಿಸಿ ನೋಡಲು ಬೇಕಾದ ಮೊದಲ ಅಲೆ, ಅಂದರೆ ಬೇಸ್‌ಲೈನ್, ಎರಡು ತೆಗೆದುಕೊಳ್ಳಿ, ಅಂಗಾತ ಮಲಗಿದ್ದಾಗ ಒಂದು, ಬೋರಲು ಮಾಡಿದ ಮೇಲೆ ಒಂದು. ಕುತ್ತಿಗೆಯ ಕೇಸ್‌ಗಳಲ್ಲಿ ತಿರುಗಿಸುವುದರಿಂದಲೇ ಹುರಿ ಒತ್ತಬಹುದು. ಮೊದಲಿನ ಅಲೆ ಇಲ್ಲದಿದ್ದರೆ ಕೆಟ್ಟದ್ದು ಯಾವಾಗ ಎಂದು ಹೇಳಲು ನಿಮ್ಮ ಬಳಿ ಏನೂ ಇರುವುದಿಲ್ಲ. ನರಕ್ಕೆ ಸಾಲಾಗಿ ನಾಲ್ಕು ಪ್ರಚೋದನೆ ಕೊಟ್ಟು ಸೆಳೆತ ಎಣಿಸುವ ಟ್ರೇನ್ ಆಫ್ ಫೋರ್ ನೋಡಿ, ನಾಲ್ಕೂ ಸೆಳೆತ ಬಂದಿದ್ದರೆ ರಿಲ್ಯಾಕ್ಸಂಟ್ ಇಳಿದಿದೆ. ಬೇಸ್‌ಲೈನ್ ಬಂದಿಲ್ಲ ಎಂದರೆ ಬಂದಿಲ್ಲ ಎಂದೇ ಹೇಳಿ. "ಸ್ವಲ್ಪ ಬಂದಂಗ ಕಾಣಸ್ತೈತ್ರಿ" ಎಂಬ ಮಾತು ಓಟಿಯಲ್ಲಿ ಅಪಾಯ.

ಅಲೆ ಇಳಿದಾಗ

ಯಾವ ಇಳಿಕೆಗೆ ಎಚ್ಚರಿಕೆ ಕೊಡಬೇಕು ಎಂದು ಬೆಳಿಗ್ಗೆಯೇ ಸರ್ಜನ್ ಜೊತೆ ಮಾತಾಡಿಕೊಂಡಿರಿ. ಎಸ್‌ಎಸ್‌ಇಪಿಗೆ ಬಹುತೇಕ ಎಲ್ಲರೂ ಒಪ್ಪುವ ಗೆರೆ: ಎತ್ತರ 50 ಪ್ರತಿಶತ ಕುಗ್ಗಿದರೆ ಅಥವಾ ಬರುವ ಸಮಯ 10 ಪ್ರತಿಶತ ತಡವಾದರೆ. ಎಂಇಪಿಗೆ ಒಬ್ಬೊಬ್ಬರದು ಒಂದೊಂದು ಅಳತೆ, ಆದರೆ ಇದ್ದ ಅಲೆ ಪೂರ್ತಿ ಮಾಯವಾದರೆ ಯಾರದೂ ತಕರಾರಿಲ್ಲ. ಗಂಟೆಗಳು ಕಳೆದಂತೆ ಅರಿವಳಿಕೆಯಿಂದಲೇ ಎಂಇಪಿ ನಿಧಾನವಾಗಿ ಮಂಕಾಗುತ್ತ ಹೆಚ್ಚು ವೋಲ್ಟೇಜ್ ಕೇಳುತ್ತದೆ. ನಿಧಾನ ಇಳಿಕೆ, ಎಲ್ಲ ಸ್ನಾಯುವಿನಲ್ಲೂ ಇದ್ದರೆ ಅದು ಒಂದು ಕಥೆ. ಸ್ಕ್ರೂ ಹಾಕಿದ ಎರಡು ನಿಮಿಷಕ್ಕೆ ಒಂದೇ ಕಾಲು ಹೋದರೆ ಬೇರೆಯೇ ಕಥೆ.

ಇದನ್ನು ನಾನು ಕಲಿತದ್ದು ಒಂದು ಹುಡುಗಿಯ ಕೇಸಿನಲ್ಲಿ. ಹದಿಮೂರು ಹದಿನಾಲ್ಕರ ಪ್ರಾಯ, ಬೆನ್ನು ಬಾಗಿತ್ತು. ರಾಡ್ ಕೂಡಿಸಿ ಎಳೆದ ಮೇಲೆ ಬಲಗಾಲಿನ ಎಂಇಪಿ ಸಪಾಟಾಯಿತು. ನನಗೆ ನಂಬಿಕೆ ಬರಲಿಲ್ಲ. ಕೇಬಲ್ ನೋಡಿದೆ, ಮತ್ತೆ ಕೊಟ್ಟೆ, ವೋಲ್ಟೇಜ್ ಏರಿಸಿ ಕೊಟ್ಟೆ. ಸುಳ್ಳು ಎಚ್ಚರಿಕೆ ಕೊಟ್ಟರೆ ಮುಂದಿನ ಸಲ ಯಾರೂ ಕರೆಯಲಿಕ್ಕಿಲ್ಲ ಎಂಬ ಅಂಜಿಕೆ. ಬಾಯಿ ಬಿಟ್ಟಾಗ ನಾಲ್ಕು ನಿಮಿಷ ಕಳೆದಿತ್ತು. ರಾಡ್ ಸಡಿಲಿಸಿದರು, ರಕ್ತದೊತ್ತಡ ಏರಿಸಿದರು, ಇಪ್ಪತ್ತು ನಿಮಿಷಕ್ಕೆ ಅಲೆ ಮರಳಿತು, ಹುಡುಗಿ ನಡೆದು ಮನೆಗೆ ಹೋದಳು. ಸರ್ಜನ್ ಬೈಯಲಿಲ್ಲ. ಕೈ ತೊಳೆಯುವಾಗ ಇಷ್ಟೇ ಹೇಳಿದರು: "ಸಂಶಯ ಬಂದ ಕೂಡಲೇ ಹೇಳ್ಬೇಕವ್ವಾ. ಖಾತ್ರಿ ಮಾಡ್ಕೊಳ್ಳೂದು ಎಲ್ಲಾರೂ ಕೂಡಿ ಮಾಡೂಣು." ಆ ನಾಲ್ಕು ನಿಮಿಷ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಕೂತಿದೆ.

ಹಾಗಾಗಿ ಮೊದಲು ಹೇಳುವುದು. ಗಟ್ಟಿ ದನಿಯಲ್ಲಿ, ಯಾವ ಬದಿ, ಯಾವ ಅಲೆ, ಎಷ್ಟು: "ಸರ, ಬಲಗಾಲ ಎಂಇಪಿ ಹೋಗೇತ್ರಿ. ಎರಡೂ ಕೈ, ಎಡಗಾಲು ಅದಾವ್ರಿ." ಇದಕ್ಕೆ ಹತ್ತು ಸೆಕೆಂಡು ಸಾಕು. ಸರ್ಜನ್ ಕೈ ನಿಲ್ಲಿಸುತ್ತಾರೆ, ಓಟಿ ಸುಮ್ಮನಾಗುತ್ತದೆ, ಹಾಡು ಹಾಕಿದ್ದರೆ ನಿಲ್ಲಿಸಲು ಹೇಳಿ. ಆಗ ನೀವು ನಿಮ್ಮ ಕಡೆಯದನ್ನು ನೋಡಿ: ಸೂಜಿ ಕಿತ್ತು ಬಂದಿದೆಯೇ, ಇಂಪೀಡೆನ್ಸ್ ಏನು, ಪ್ರಚೋದನೆ ನಿಜಕ್ಕೂ ಹೋಗುತ್ತಿದೆಯೇ. ಅದೇ ಹೊತ್ತಿಗೆ ಅರಿವಳಿಕೆ ವೈದ್ಯರನ್ನು ಕೇಳಿ: ರಿಲ್ಯಾಕ್ಸಂಟ್ ಏನಾದರೂ ಹೋಯಿತೇ, ಗ್ಯಾಸ್ ಏರಿತೇ, ಸರಾಸರಿ ರಕ್ತದೊತ್ತಡ ಎಷ್ಟು, ಮೈ ತಣ್ಣಗಾಗಿದೆಯೇ, ರಕ್ತ ಎಷ್ಟು ಹೋಗಿದೆ. ಸರಾಸರಿ ಒತ್ತಡವನ್ನು 85ರ ಮೇಲೆ ಏರಿಸುವುದು ಸಾಮಾನ್ಯ ಮೊದಲ ಹೆಜ್ಜೆ, ಒತ್ತಿಕೊಂಡ ಹುರಿಗೆ ರಕ್ತ ತಲುಪಬೇಕಲ್ಲ. ಸರ್ಜನ್ ತಮ್ಮ ಕಡೆಯಿಂದ ಕೊನೆಯದಾಗಿ ಮಾಡಿದ್ದನ್ನು ವಾಪಸ್ ತೆಗೆಯುತ್ತಾರೆ: ಎಳೆತ ಸಡಿಲಿಕೆ, ಸ್ಕ್ರೂ ತೆಗೆಯುವುದು. ಗಾಯಕ್ಕೆ ತಣ್ಣನೆಯ ಸಲೈನ್ ಸುರಿದಿದ್ದರೂ ಅಲೆ ಇಳಿಯುತ್ತದೆ, ಬೆಚ್ಚಗಿನದು ಕೇಳಿ. ಏನು ಮಾಡಿದರೂ ಬರದಿದ್ದರೆ ಕೆಲವರು ಇಂದಿಗೂ ಸ್ಟಗ್ನಾರಾ ಹೇಳಿದ್ದನ್ನೇ ಮಾಡುತ್ತಾರೆ, ರೋಗಿಯನ್ನು ಎಚ್ಚರಿಸಿ ಕಾಲು ಅಲುಗಿಸಲು ಹೇಳುತ್ತಾರೆ.

ಪ್ರತಿಯೊಂದಕ್ಕೂ ಗಡಿಯಾರದ ಸಮಯ ಹಾಕಿ ಬರೆಯುತ್ತ ಹೋಗಿ. ಅರ್ಥ ಹೇಳುವುದು ವೈದ್ಯರ ಕೆಲಸ. ಅದನ್ನು ಓಟಿಯಲ್ಲಿರುವ ಸರ್ಜನ್ ಮಾಡಬಹುದು, ಬೆಂಗಳೂರಲ್ಲಿ ಕೂತು ಪರದೆ ನೋಡುತ್ತಿರುವ ನ್ಯೂರೋಫಿಸಿಯಾಲಜಿ ವೈದ್ಯರೂ ಮಾಡಬಹುದು. ಕಂಡದ್ದನ್ನು ಕಂಡ ಹಾಗೆ, ಕಂಡ ಕ್ಷಣ ಹೇಳುವುದು ನಿಮ್ಮದು. ದೂರದ ವೈದ್ಯರಿಗೆ ಫೋಟೋ ಕಳಿಸುವುದಾದರೆ ಪರದೆಯ ಮೇಲಿನ ರೋಗಿಯ ಹೆಸರು ಮುಚ್ಚಿ.

ಎಲ್ಲ ಇಳಿಕೆಯೂ ಬೆನ್ನುಹುರಿಯದ್ದಲ್ಲ. ಬೋರಲು ಮಲಗಿದವರ ಎಡಗೈ ಅಲ್ನಾರ್ ಅಲೆ ಮೆಲ್ಲಗೆ ಕರಗುತ್ತಿದ್ದರೆ ಬಗ್ಗಿ ಕೈ ನೋಡಿ. ಒಮ್ಮೆ ಹೀಗೇ ನೋಡಿದಾಗ ಭುಜ ಮೇಲಕ್ಕೆ ಹೆಚ್ಚು ಚಾಚಿ, ಮೊಣಕೈಯ ಒಳಬದಿ ಬೋರ್ಡಿನ ಅಂಚಿಗೆ ಒತ್ತಿಕೊಂಡಿತ್ತು. ಅರಿವಳಿಕೆ ವೈದ್ಯರು ಡ್ರೇಪಿನ ಕೆಳಗೆ ಕೈ ಹಾಕಿ ಎರಡು ಬೆರಳಿನಷ್ಟು ಕೆಳಗೆ ಇಳಿಸಿ, ಒಂದು ಹತ್ತಿಯ ಪ್ಯಾಡ್ ಇಟ್ಟರು. ಮೂರು ನಾಲ್ಕು ಸರಾಸರಿ ಆಗುವಷ್ಟರಲ್ಲಿ ಅಲೆ ತನ್ನ ಜಾಗಕ್ಕೆ ಬಂದು ನಿಂತಿತು. ಆ ರೈತ ಮರುದಿನ ಎದ್ದು ಬೆನ್ನು ಮುಟ್ಟಿ ನೋಡಿಕೊಂಡ. ತನ್ನ ಕಿರುಬೆರಳು ಉಳಿದದ್ದು ಅವನಿಗೆ ಗೊತ್ತಿಲ್ಲ.

ಸ್ನಾಯುವಿನ ವಿದ್ಯುತ್ತನ್ನು ಸದ್ದಾಗಿ ಕೇಳಿಸುವ ಇಎಂಜಿಯ ಸ್ಪೀಕರ್ ದನಿ ತಗ್ಗಿಸಬೇಡಿ. ನರದ ಬೇರು ಮುಟ್ಟಿದಾಗ ಪಂಚಮಿಗೆ ಹುರಿಯುವ ಜೋಳದ ಅರಳಿನಂತೆ ಪಟಪಟ ಸಿಡಿಯುತ್ತದೆ. ಸಿಡಿದು ನಿಂತರೆ ತಿಳಿಸಿ ಸುಮ್ಮನಿರಿ. ನಿಲ್ಲದೇ ಒಂದೇ ಸಮನೆ ಟರ್ರ್ ಎನ್ನುತ್ತಿದ್ದರೆ ನರ ನರಳುತ್ತಿದೆ, ಕೈ ತೆಗೆಯಲು ಹೇಳಿ. ಸೊಂಟದ ಸ್ಕ್ರೂಗೆ ಪ್ರೋಬ್ ಮುಟ್ಟಿಸಿ ಕರೆಂಟ್ ಏರಿಸುವಾಗ 10 ಮಿಲಿಆಂಪ್ ದಾಟಿಯೂ ಸ್ನಾಯು ಅಲುಗದಿದ್ದರೆ ಮೂಳೆಯ ಗೋಡೆ ಸಾಧಾರಣವಾಗಿ ಗಟ್ಟಿಯಾಗಿದೆ. ಆರರೊಳಗೇ ಅಲುಗಿದರೆ ಗೋಡೆ ಒಡೆದಿರುವ ಸಂಶಯ, ಸರ್ಜನ್ ಪ್ರೋಬ್ ಹಾಕಿ ತಡವಿ, ಓಟಿಯ ಎಕ್ಸ್‌ರೇ ಯಂತ್ರವಾದ ಸಿ-ಆರ್ಮ್‌ನಲ್ಲಿ ನೋಡಬೇಕು. ಪ್ರೋಬಿನ ಸುತ್ತ ರಕ್ತ, ನೀರು ನಿಂತಿದ್ದರೆ ಕರೆಂಟ್ ಬೇರೆಡೆ ಹರಿದು ಸುಳ್ಳು ಧೈರ್ಯ ಕೊಡುತ್ತದೆ, ಮೊದಲು ಒರೆಸಿಕೊಳ್ಳಲು ಹೇಳಿ.

ಮುಗಿದ ಮೇಲೆ

ಕೊನೆಯ ಅಲೆಗಳನ್ನು ಹೊಲಿಗೆ ಮುಗಿಯುವವರೆಗೂ ತೆಗೆಯಿರಿ. ರಾಡ್ ಹಾಕಿದ ತಾಸಿನ ಮೇಲೂ ಅಲೆ ಬೀಳಬಹುದು. ಆಮೇಲೆ ಸೂಜಿ ಎಣಿಸಿ ತೆಗೆಯಿರಿ. ಹಾಕಿದ್ದು 24 ಎಂದರೆ ಕೈಗೆ 24 ಬರಬೇಕು, 23 ಬಂದರೆ ರೋಗಿಯನ್ನು ಓಟಿಯಿಂದ ಕಳಿಸಬೇಡಿ. ಸೂಜಿ ನೇರ ಬಿಳಿ ಶಾರ್ಪ್ಸ್ ಡಬ್ಬಿಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಚೂಪಾದ ವಸ್ತುಗಳಿಗೆ ಇರುವುದು ಆ ಅರೆಪಾರದರ್ಶಕ ಬಿಳಿ ಡಬ್ಬಿಯೇ. ನಿಮ್ಮ ಕೈಗೆ ಚುಚ್ಚಿದರೆ ಹರಿಯುವ ನೀರು, ಸೋಪಿನಲ್ಲಿ ತೊಳೆದು ಆಗಲೇ ಕ್ಯಾಶುವಾಲಿಟಿಗೆ ಹೋಗಿ. ಎಚ್‌ಐವಿ ತಡೆಯುವ ಔಷಧಿ ಆದಷ್ಟು ಬೇಗ, ಎರಡು ತಾಸಿನೊಳಗೆ ಆದರೆ ಒಳ್ಳೆಯದು, 72 ತಾಸು ದಾಟಿದರೆ ಪ್ರಯೋಜನವಿಲ್ಲ. ಹೆಪಟೈಟಿಸ್ ಬಿ ಲಸಿಕೆ ಈ ಕೆಲಸಕ್ಕೆ ಬರುವ ಮೊದಲೇ ಆಗಿರಬೇಕು.

ಊರಿಗೆ ಹೊರಡುವ ಆತುರದಲ್ಲಿ ರಿಕವರಿ ಕೋಣೆಯನ್ನು ಬಿಡಬೇಡಿ. ಎಚ್ಚರವಾದ ರೋಗಿಯ ಪಾದದ ಬಳಿ ನಿಂತು, "ಯವ್ವಾ, ಬಟ್ಟ ಅಲುಗಿಸು ನೋಡೂಣು" ಎಂದು ಕೇಳಿ. ಎರಡೂ ಕಾಲು. ಕೈ. ನಾಲಿಗೆ ಹೊರಗೆ ಹಾಕಲು ಹೇಳಿ ಗಾಯ ಇದೆಯೇ ನೋಡಿ. ನಿಮ್ಮ ಕೊನೆಯ ಅಲೆ ಹೇಳಿದ್ದಕ್ಕೂ ಆ ಕಾಲು ಹೇಳುತ್ತಿರುವುದಕ್ಕೂ ತಾಳೆ ಇದೆಯೇ ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ, ರೋಗಿಯ ಹೆಸರಿಲ್ಲದೆ, ಕೇಸಿನ ವಿಧ, ಮಟ್ಟ, ಅಲೆ, ಕಾಲು. ಮರುದಿನ ಬೆಳಿಗ್ಗೆ ವಾರ್ಡಿನ ಸಿಸ್ಟರ್‌ಗೆ ಮತ್ತೊಂದು ಫೋನ್ ಮಾಡಿ, "ಅಕ್ಕಾರ, ನಿನ್ನಿ ಆ ಹುಡುಗಿ ಕಾಲು ಹೆಂಗೈತ್ರಿ?" ಎಂದು ಕೇಳಿ, ಆ ಸಾಲಿನ ಪಕ್ಕದಲ್ಲೇ ಅದನ್ನೂ ಬರೆದುಕೊಳ್ಳಿ.